ಜಂಪ್ ಕೊಟ್ಟರೆ ಎದ್ದೇಳುತ್ತೆ, ಇಲ್ಲದಿದ್ದರೆ ಬರೀ ‘ಟಕ್’: ಮೊದಲು ಸೆಲ್ಫ್ ಮೋಟರ್ ಬದಲಿಸಲೋ, ಆಲ್ಟರ್ನೇಟರೋ?

ಎರಡನ್ನೂ ಮುಟ್ಟಬೇಡಿ: ಎಂಜಿನ್ ತಿರುಗಿಸಿ ಎಬ್ಬಿಸೋ ಸೆಲ್ಫ್ ಮೋಟರೂ ಬೇಡ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರೂ ಬೇಡ. ನೀವು ಬರೆದ ಲಕ್ಷಣ ಇಷ್ಟು: ಹೊಸ ಬ್ಯಾಟರಿ, ಜಗಜಗ ಉರಿಯೋ ಹೆಡ್‌ಲೈಟ್, ಕೀ ತಿರುಗಿಸಿದರೆ ಒಂದೇ ‘ಟಕ್’, ಬೇರೆ ಗಾಡಿಯ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಟ್ಟ ಕೂಡಲೇ ಸ್ಟಾರ್ಟ್. ಇದು ಸಾಲುಸಾಲೂ ನನ್ನ ಹಳೇ ಪೆಟ್ರೋಲ್ ಕಾರಿನ ಕಥೆಯೇ. ವ್ಯತ್ಯಾಸ ಇಷ್ಟೇ: ಬ್ಯಾಟರಿ ಆದಮೇಲೆ ಮುಂದೇನು ಅಂತ ನೀವು ಕೇಳ್ತಿದ್ದೀರಿ, ನಾನು ಯಾರನ್ನೂ ಕೇಳದೆ ಉಳಿದ ಎರಡನ್ನೂ ಬದಲಿಸಿಬಿಟ್ಟೆ.

ಮೊದಮೊದಲು ಬೆಳಗ್ಗೆ ಹೊತ್ತು ಸೆಲ್ಫ್ ಸ್ವಲ್ಪ ಎಳೆದೆಳೆದು ತಿರುಗ್ತಿತ್ತು. ಆಮೇಲೆ ನಾಲ್ಕಾರು ಸಲ ಕೀ ತಿರುಗಿಸಿದರೆ ಹಿಡಿಯೋದು. ಕೊನೆಗೆ ಒಂದು ದಿನ ಬರೀ ಟಕ್. ಭಾವ ತಮ್ಮ ಕಾರು ತಂದು ಎದುರುಬದುರು ನಿಲ್ಲಿಸಿದರು. ಕೆಂಪು ಕ್ಲಿಪ್ ನನ್ನ ಬ್ಯಾಟರಿಯ ಪ್ಲಸ್‌ಗೆ ಹಾಕಿದ್ದಾಯ್ತು. ಕಪ್ಪು ಕ್ಲಿಪ್ಪನ್ನು ಮೈನಸ್‌ಗೆ ಹಾಕಲು ಹೋದವನ ಕೈ ತಡೆದು, “ಅಲ್ಲಿ ಬೇಡ ಕಣೋ, ಬ್ಯಾಟರಿ ಹತ್ರ ಕಿಡಿ ಹಾರಬಾರದು” ಅಂತ ಎಂಜಿನ್ನಿನ ಮೇಲಿದ್ದ ಕಬ್ಬಿಣದ ಕೊಕ್ಕೆಗೆ ಕಚ್ಚಿಸಿದರು. ಸರಿಯಾದ ಕ್ರಮವೇ ಅದು, ಬ್ಯಾಟರಿ ಬಿಡೋ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಕೀ ತಿರುಗಿಸಿದೆ, ಒಂದೇ ಹೊಡೆತಕ್ಕೆ ಸ್ಟಾರ್ಟ್. ಇಬ್ಬರೂ ಒಟ್ಟಿಗೇ ತೀರ್ಪು ಕೊಟ್ಟೆವು: ಬ್ಯಾಟರಿ ಹೋಗಿದೆ.

ನನಗೆ ದುಬಾರಿ ಬಿದ್ದದ್ದು ಈ ತೀರ್ಪು. ಇದನ್ನ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವು ಬ್ಯಾಟರಿ ಬದಲಿಸಿದ್ದೂ ಇದೇ ಲೆಕ್ಕದ ಮೇಲೆ.

ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನೊಳಗೆ ಕರೆಂಟ್ ಹರಿಯಲ್ಲ. ಸೆಲ್ಫ್ ಮೋಟರಿಗೆ ಪ್ಲಸ್ ಕಡೆಯಿಂದ ದಪ್ಪ ಕೇಬಲ್ ಬರುತ್ತೆ, ಅದು ಎಲ್ಲರ ಕಣ್ಣಿಗೂ ಬೀಳುತ್ತೆ. ಆದರೆ ಬಂದ ಕರೆಂಟ್ ವಾಪಸ್ ಹೋಗಬೇಕಲ್ಲ? ಮೋಟರಿನ ಮೈಯಿಂದ ಎಂಜಿನ್ ಬ್ಲಾಕಿಗೆ, ಅಲ್ಲಿಂದ ಅರ್ತ್ ಪಟ್ಟಿ ಹಿಡಿದು ಬಾಡಿಗೆ, ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ. ನನ್ನ ಗಾಡಿಯಲ್ಲಿ ಆ ಪಟ್ಟಿ ಏರ್ ಫಿಲ್ಟರ್ ಡಬ್ಬಿಯ ಕೆಳಗೆ ಅಡಗಿತ್ತು, ಹೆಣೆದ ತಾಮ್ರದ್ದು. ಅದು ಕೆಟ್ಟು ಕೂತಿತ್ತು. ಭಾವ ಕಪ್ಪು ಕ್ಲಿಪ್ಪನ್ನು ನೇರ ಎಂಜಿನ್ನಿಗೇ ಹಾಕಿದರಲ್ಲ, ಆ ಹೊತ್ತಿಗೆ ಅವರ ಜಂಪ್ ಕೇಬಲ್ಲೇ ನನ್ನ ಗಾಡಿಗೆ ಅರ್ತ್ ಆಯ್ತು. ಗಾಡಿ ಎದ್ದದ್ದು ಅವರ ಬ್ಯಾಟರಿಯ ಬಲದಿಂದ ಅಂದುಕೊಂಡೆ. ನಿಜಕ್ಕೂ ಎದ್ದದ್ದು ಕೆಟ್ಟ ಪಟ್ಟಿಯನ್ನು ಬಿಟ್ಟು ಕರೆಂಟಿಗೆ ಬೇರೆ ದಾರಿ ಸಿಕ್ಕಿದ್ದರಿಂದ. ಅವಸರದಲ್ಲಿ ಕಪ್ಪು ಕ್ಲಿಪ್ಪನ್ನು ಬ್ಯಾಟರಿ ಮೈನಸ್‌ಗೇ ಹಾಕಿದ್ದರೆ ಗಾಡಿ ಏಳ್ತಾನೇ ಇರಲಿಲ್ಲ, ಹಾಗಾದ್ರೆ ಬ್ಯಾಟರಿ ಅಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಆಲ್ಟರ್ನೇಟರ್ ಕೂಡ ಎಂಜಿನ್ನಿಗೇ ಬೋಲ್ಟ್ ಆಗಿರುತ್ತೆ, ಚಾರ್ಜಿಂಗ್ ಕರೆಂಟ್ ಓಡಾಡೋದೂ ಅದೇ ಪಟ್ಟಿಯಲ್ಲಿ. ಹಾಗಾಗಿ ಹಳೇ ಬ್ಯಾಟರಿ ಯಾವತ್ತೂ ಹೊಟ್ಟೆ ತುಂಬ ಚಾರ್ಜ್ ಆಗ್ತಿರಲಿಲ್ಲ. ಗ್ಯಾರೇಜಿನ ಟೆಸ್ಟರ್ ‘ವೀಕ್’ ಅಂದಿದ್ದು ಸುಳ್ಳಲ್ಲ. ಹೊಸ ಬ್ಯಾಟರಿ ತುಂಬಿಕೊಂಡೇ ಬಂದಿತ್ತಲ್ಲ, ಆ ಬಲದ ಮೇಲೆ ಸ್ವಲ್ಪ ದಿನ ನಡೀತು. ಮತ್ತೆ ಟಕ್. ಈ ಸಲ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟರು: 13.8ರಿಂದ 14.4 ವೋಲ್ಟ್ ಇರಬೇಕಾದಲ್ಲಿ 13 ದಾಟಲು ಒದ್ದಾಡ್ತಿತ್ತು. ಆಲ್ಟರ್ನೇಟರ್ ಹೋಗಿದೆ ಅಂತ ಅದನ್ನೂ ಬದಲಿಸಿದ್ದಾಯ್ತು. ಅದರಿಂದಲೂ ಸರಿಹೋಗದಾಗ ಸೆಲ್ಫ್ ಮೋಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾನು ಕೊಟ್ಟಿಗೆಯಲ್ಲಿದ್ದ ಎಲ್ಲದಕ್ಕೂ ಹಾಕಿಸಿದೆ. ಇದರ ಮಧ್ಯೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗ್ತಿದೆ ಅಂತ ಎಣ್ಣೆ ಬೇರೆ ಬಿಟ್ಟಿದ್ದೆ. ಅರ್ತ್ ಸಿಗದ ಕರೆಂಟ್ ಆ ಲೋಹದ ಕೇಬಲ್ಲಿನೊಳಗೆ ನುಗ್ಗಿ, ಅದು ಕಾದು, ಒಳಗಿನ ಪ್ಲಾಸ್ಟಿಕ್ ಕರಗ್ತಿತ್ತು ಅನ್ನೋದು ನನಗೆಲ್ಲಿ ಹೊಳೆಯಬೇಕು!

ಕೊನೆಗೆ ಬಂದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತೋ ಮೊದಲೇ ಹೆಡ್‌ಲೈಟ್ ಹಾಕಿಸಿ, “ಈಗ ಕೀ ತಿರುಗಿಸಿ ಹಿಡ್ಕೊಳ್ಳಿ ಸರ್” ಅಂದು ಲೈಟಿನ ಮುಂದೆ ನಿಂತರು. ಟಕ್ ಅಂತು, ಲೈಟ್ ಕುಗ್ಗಲಿಲ್ಲ. ಬ್ಯಾಟರಿ ಸೋತಿದ್ದರೆ ಲೈಟ್ ಮಂಕಾಗಬೇಕು. ಕುಗ್ಗದೇ ಇದ್ದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಮೋಟರಿಗೆ ತಲುಪ್ತಿಲ್ಲ ಅಂತ ಅರ್ಥ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ ಇಟ್ಟು ಮತ್ತೆ ಕೀ ತಿರುಗಿಸಲು ಹೇಳಿದರು. ಸೊನ್ನೆಯ ಹತ್ತಿರ ಇರಬೇಕಾದ ರೀಡಿಂಗ್ 6 ವೋಲ್ಟ್ ದಾಟಿತು. ಡಬ್ಬಿ ಬಿಚ್ಚಿ ಪಟ್ಟಿ ಹೊರಗೆ ತೆಗೆದರು. ನೋಡೋಕೆ ಇಡಿಯಾಗೇ ಇತ್ತು. ಬಾಡಿ ಕಡೆಯ ಲಗ್ (ಬೋಲ್ಟಿಗೆ ಕೂರೋ ಲೋಹದ ತುದಿ) ಹತ್ತಿರ ಬೆರಳಲ್ಲಿ ಬಗ್ಗಿಸಿದಾಗ ಹಸಿರು ಪುಡಿ ಉದುರಿ, ಕೂದಲಿನಂಥ ಕೆಲವೇ ಎಳೆ ಉಳಿದವು.

ಈಗ ನಿಮ್ಮ ಗಾಡಿಗೆ ಬನ್ನಿ. ಮೊದಲು ನೆನಪು ಮಾಡಿಕೊಳ್ಳಿ: ಜಂಪ್ ಕೊಟ್ಟಾಗ ಕಪ್ಪು ಕ್ಲಿಪ್ ಎಲ್ಲಿತ್ತು? ಎಂಜಿನ್ ಮೇಲಿದ್ದರೆ ನನ್ನ ಅನುಮಾನ ಮುಕ್ಕಾಲು ಪಾಲು ನಿಜ. ಇನ್ನೊಂದು ಕಾರೂ ಬೇಡ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಕಪ್ಪು ಜಂಪ್ ಕೇಬಲ್ ಒಂದನ್ನೇ ತೆಗೆದುಕೊಂಡು ಒಂದು ತುದಿ ನಿಮ್ಮದೇ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ ಕಚ್ಚಿಸಿ. ಫ್ಯಾನ್, ಬೆಲ್ಟ್‌ಗಳಿಂದ ದೂರ ಇರಲಿ. ಸ್ಟಾರ್ಟ್ ಆದರೆ ಅರ್ತ್ ಪಟ್ಟಿ ಬದಲಿಸಿ, ಕಥೆ ಮುಗೀತು. ಬದಲಿಸುವಾಗ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ, ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯೋ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ತುಕ್ಕಿನ ಮೇಲೆ ಹೊಸ ಪಟ್ಟಿ ಕೂರಿಸಿದರೆ ಏನೂ ಉಪಯೋಗ ಇಲ್ಲ.

ತಂತಿ ಕಡಿದಿಲ್ಲ ಅಂತ ಹೇಳೋ ಮೀಟರಿನ ‘ಬೀಪ್’ ನಂಬಿ ಪಟ್ಟಿ ಚೆನ್ನಾಗಿದೆ ಅಂತ ತೀರ್ಮಾನ ಮಾಡಬೇಡಿ. ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತೆ. ಸೆಲ್ಫ್ ಮೋಟರ್ ಸುಮಾರು 150 ಆಂಪಿಯರ್ ಎಳೆಯುತ್ತೆ ಅಂದುಕೊಳ್ಳಿ, ದಾರಿಯಲ್ಲಿ 0.03 ಓಮ್ ಅಡ್ಡ ಬಂದರೂ 4.5 ವೋಲ್ಟ್ ಅಲ್ಲೇ ಖಾಲಿ. ಅಷ್ಟು ಸಣ್ಣ ಓಮ್ ಸಾಮಾನ್ಯ ಮೀಟರಿಗೆ ಕಾಣೋದೇ ಇಲ್ಲ. ಅದಕ್ಕೇ ಕೀ ತಿರುಗಿಸಿ ಹಿಡಿದಾಗಲೇ ಅಳೀಬೇಕು. ಹೆಡ್‌ಲೈಟ್ ಉರೀತಿದೆ ಅಂತ ಮೋಸ ಹೋಗೋದೂ ಇಲ್ಲೇ: ಅದಕ್ಕೆ ಅರ್ತ್ ಸಿಗೋದು ಬಾಡಿಯಿಂದ, ಈ ಪಟ್ಟಿಯ ಗೊಡವೆಯೇ ಅದಕ್ಕಿಲ್ಲ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಳಚಿ ಆಲ್ಟರ್ನೇಟರ್ ಪರೀಕ್ಷೆ ಮಾಡಿ ಅಂದಿದ್ದಾರೆ. ದಯವಿಟ್ಟು ಮಾಡಬೇಡಿ. ಹಾಗೆ ಕಳಚಿದಾಗ ವೋಲ್ಟೇಜ್ ಜಿಗಿದು ಎಂಜಿನ್ ಕಂಪ್ಯೂಟರೇ ಸುಡಬಹುದು. ಇಮ್ಮೊಬಿಲೈಸರ್ (ಸರಿಯಾದ ಕೀ ಅಲ್ಲದಿದ್ದರೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯೋ ವ್ಯವಸ್ಥೆ) ಕೆಟ್ಟಿರಬಹುದು ಅನ್ನೋ ಮಾತೂ ಬಂದಿದೆ. ಜಂಪ್ ಕೊಟ್ಟರೆ ಪ್ರತಿ ಸಲ ಎದ್ದೇಳೋ ಗಾಡಿಯಲ್ಲಿ ನಾನಂತೂ ಅದನ್ನ ಕೊನೆಗೆ ಹುಡುಕ್ತೀನಿ.

ಕಪ್ಪು ಕೇಬಲ್ ಹಾಕಿದರೂ ಟಕ್ ಅಂತಲೇ ಇದ್ದರೆ ಪ್ಲಸ್ ಕಡೆ ಅಳೆಯಿರಿ: ಒಂದು ಕಡ್ಡಿ ಬ್ಯಾಟರಿ ಪ್ಲಸ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟರಿಗೆ ದಪ್ಪ ಕೇಬಲ್ ಬಂದು ಸೇರೋ ಬೋಲ್ಟಿಗೆ, ಕೀ ತಿರುಗಿಸಿ ಹಿಡಿದಾಗ. ಕಡ್ಡಿ ಮುಟ್ಟಬೇಕಾದ್ದು ಗೂಟವನ್ನೇ, ಮೇಲಿನ ಕ್ಲ್ಯಾಂಪನ್ನಲ್ಲ. ಅವೆರಡರ ನಡುವಿನ ಬಿಳಿ ಪುಡಿಯೂ ಇದೇ ಆಟ ಆಡುತ್ತೆ. ಪ್ಲಸ್, ಮೈನಸ್ ಎರಡೂ ಕಡೆ 0.5 ವೋಲ್ಟಿಗಿಂತ ಕಡಿಮೆ ಬಂದು, ಆ ಹೊತ್ತಿನಲ್ಲಿ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿಯದೇ ಇದ್ದರೆ, ಆಗ ಸೆಲ್ಫ್ ಮೋಟರ್ ಬಿಚ್ಚಿಸಿ.