ಹೊಸ ಆಪರೇಟಿಂಗ್ ಸಿಸ್ಟಂ ಬಂದರೂ ಜನ ಹಳೆಯದನ್ನೇ ಬಳಸುವುದೇಕೆ?

ಜನರಿಗೆ ಬೇಕಾಗಿರುವುದು ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂ ಅಲ್ಲ, ಅದರ ಮೇಲೆ ನಡೆಯುವ ತಮ್ಮ ತಂತ್ರಾಂಶಗಳು; ಅವು ಹಳೆಯದರಲ್ಲಿ ಸರಿಯಾಗಿ ನಡೆಯುತ್ತಿರುವವರೆಗೆ, ಬದಲಾವಣೆಯ ಲಾಭಕ್ಕಿಂತ ಕೆಲಸ ನಿಲ್ಲುವ ಅಪಾಯವೇ ದೊಡ್ಡದಾಗಿ ಕಾಣುತ್ತದೆ. ತಂತ್ರಾಂಶಗಳನ್ನೂ ಪ್ರಿಂಟರ್ ನಡೆಸುವ ಡ್ರೈವರುಗಳನ್ನೂ ನಿರ್ದಿಷ್ಟ ಸಿಸ್ಟಂಗೆ ತಕ್ಕಂತೆ ಬರೆದಿರುವುದರಿಂದ, ಸಿಸ್ಟಂ ಬದಲಾದರೆ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಬೆಂಗಳೂರಿನ ಸಣ್ಣ ಮುದ್ರಣಾಲಯವೊಂದನ್ನು ಊಹಿಸಿಕೊಳ್ಳಿ: ಯೂನಿಕೋಡ್ (ಎಲ್ಲೆಡೆ ಒಪ್ಪಿತವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ನುಡಿ ಫಾಂಟಿನಲ್ಲಿ, ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಸಿದ್ಧಪಡಿಸಿಟ್ಟ ಪುಟಗಳು ಹೊಸ ಯಂತ್ರದಲ್ಲಿ ತೆರೆಯದಿದ್ದರೆ, ಮದುವೆಯ ಕಾಲದಲ್ಲಿ ಲಗ್ನಪತ್ರಿಕೆಯ ಕೆಲಸವೇ ನಿಂತೀತು. ಇದನ್ನು ಸೋಮಾರಿತನವೆನ್ನುವುದು ನ್ಯಾಯವಲ್ಲ. ಜೊತೆಗೆ, 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕೇಳುವುದರಿಂದ, ಅದಿಲ್ಲದ ಹಳೆಯ ಕಂಪ್ಯೂಟರಿನವರು ಯಂತ್ರವನ್ನೇ ಬದಲಿಸಬೇಕಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಂತೆ, ಭದ್ರತಾ ನವೀಕರಣಗಳು ನಿಲ್ಲುವ ದಿನ ಬಂದಾಗ ಮಾತ್ರ ಲೆಕ್ಕಾಚಾರ ತಿರುಗುತ್ತದೆ.