ಟೆಲಿಸ್ಕೋಪ್ ಇಲ್ಲದ ಊರಿಂದ ಖಗೋಳ ಓದಬಹುದಾ?

ಪ್ರಶ್ನೆ: ಮೇಡಂ, ನಾನು ಹಿರಿಯೂರು ಕಡೆಯವಳು. ಬಿ.ಎಸ್ಸಿ. ಕೊನೆ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಖಗೋಳ ವಿಜ್ಞಾನದಲ್ಲಿ ಎಂ.ಎಸ್ಸಿ., ಆಮೇಲೆ ಪಿಎಚ್.ಡಿ. ಮಾಡುವ ಆಸೆ. ಆದರೆ ನಮ್ಮ ಕಾಲೇಜಿನಲ್ಲಿ ಟೆಲಿಸ್ಕೋಪೇ ಇಲ್ಲ. ಅಪ್ಪ, ‘ಬಿ.ಎಡ್. ಮಾಡಿದ್ರೆ ಕೆಲಸ ಸಿಗುತ್ತೆ, ನಕ್ಷತ್ರ ನೋಡಿದ್ರೆ ಹೊಟ್ಟೆ ತುಂಬುತ್ತಾ?’ ಅಂತಾರೆ. ಏನು ಮಾಡಲಿ?

ಉತ್ತರ: ಟೆಲಿಸ್ಕೋಪ್ ಚಿಂತೆ ಮೊದಲು ಬಿಡಿ. ನಾನು ದೊಡ್ಡ ಟೆಲಿಸ್ಕೋಪ್ ಕಣ್ಣಾರೆ ಕಂಡಿದ್ದೇ ಪಿಎಚ್.ಡಿ. ಸೇರಿದ ಮೇಲೆ. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ, ಖಗೋಳ ವಿಜ್ಞಾನಿ ವೈಣು ಬಾಪು ಅವರ ಹೆಸರಿನ 2.34 ಮೀಟರ್ ಟೆಲಿಸ್ಕೋಪ್. ಅದಕ್ಕೂ ಮುಂಚೆ ನನ್ನ ಹತ್ತಿರ ಇದ್ದಿದ್ದು ಬಿ.ಎಸ್ಸಿ. ನೋಟ್ಸ್ ಅಷ್ಟೇ.

ಆ ನೋಟ್ಸನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಮೊದಲ ಪಿಎಚ್.ಡಿ. ಇಂಟರ್‌ವ್ಯೂಗೆ ರಾಶಿ, ನಕ್ಷತ್ರಪುಂಜಗಳ ಹೆಸರೆಲ್ಲಾ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಕೈಗೆ ಸೀಮೆಸುಣ್ಣ ಕೊಟ್ಟು ಕೇಳಿದ್ದು ಒಂದೇ: ‘ಸೂರ್ಯನ ಮೇಲ್ಮೈ ಎಷ್ಟು ಬಿಸಿ ಅಂತ ಹೇಗೆ ಗೊತ್ತಾಯ್ತು? ಲೆಕ್ಕ ಮಾಡಿ ತೋರಿಸಿ.’ ಬೋರ್ಡ್ ಮುಂದೆ ಸುಮ್ನೆ ನಿಂತೆ. ಆ ವರ್ಷ ಸೀಟು ಸಿಗಲಿಲ್ಲ. ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಟಿಕೆಟ್ ಹಿಂದೆ ಆ ಲೆಕ್ಕ ಬಿಡಿಸಿದೆ. ಬೇಕಾಗಿದ್ದ ಸೂತ್ರವೆಲ್ಲಾ ಬಿ.ಎಸ್ಸಿ. ಎರಡನೇ ವರ್ಷದ್ದೇ.

ಅದಕ್ಕೇ ನನ್ನ ಸಲಹೆ: ಎಂ.ಎಸ್ಸಿ.ಯನ್ನು ಫಿಸಿಕ್ಸ್‌ನಲ್ಲೇ ಮಾಡಿ. ಖಗೋಳದಲ್ಲೇ ಎಂ.ಎಸ್ಸಿ. ಕೊಡುವ ಕಡೆಗಳಿವೆ, ಹೈದರಾಬಾದಿನ ಉಸ್ಮಾನಿಯಾದಲ್ಲಿ ಖಗೋಳಕ್ಕೆ ಅಂತಲೇ ವಿಭಾಗ ಇದೆ. ಅದು ತಪ್ಪು ದಾರಿ ಏನಲ್ಲ. ಆದರೆ ಫಿಸಿಕ್ಸ್ ಗಟ್ಟಿ ಇದ್ದವರಿಗೆ ಬಾಗಿಲು ಜಾಸ್ತಿ ತೆರೆದಿರುತ್ತೆ. ಕ್ವಾಂಟಮ್, ಥರ್ಮೋಡೈನಮಿಕ್ಸ್, ಎಲೆಕ್ಟ್ರೋಮ್ಯಾಗ್ನೆಟಿಸಂ: ಈ ಮೂರನ್ನು ಬಿಡಬೇಡಿ.

ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪ್ರವೇಶ ಪರೀಕ್ಷೆ. ಪಿಎಚ್.ಡಿ.ಗೆ ಜೆಸ್ಟ್, ನೆಟ್, ಗೇಟ್ ಪರೀಕ್ಷೆಗಳು. ಐಐಎ (ಭಾರತೀಯ ಖಭೌತ ಸಂಸ್ಥೆ, ಕೋರಮಂಗಲ), ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಮೂರೂ ಬೆಂಗಳೂರಲ್ಲೇ ಇವೆ. ಪುಣೆಯಲ್ಲಿ ಐಯುಕಾ, ಎನ್‌ಸಿಆರ್‌ಎ ಅನ್ನೋ ಖಗೋಳ ಸಂಶೋಧನಾ ಕೇಂದ್ರಗಳಿವೆ. ಬಿ.ಎಸ್ಸಿ. ಮುಗಿಸಿದವರನ್ನೇ ತೆಗೆದುಕೊಳ್ಳುವ ಇಂಟಿಗ್ರೇಟೆಡ್ ಪಿಎಚ್.ಡಿ.ಯೂ ಕೆಲವು ಕಡೆ ಇದೆ. ಯಾವ ಸಂಸ್ಥೆಗೆ ಯಾವ ಪರೀಕ್ಷೆ ಅನ್ನೋದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಕನ್ನಡ ಮಾಧ್ಯಮದ ಬಗ್ಗೆ ಅಳುಕು ಬೇಡ. ಆಮೇಲೆ ನಾನೂ ಇಂಟರ್‌ವ್ಯೂ ಮಾಡುವವರ ಸಾಲಿನಲ್ಲಿ ಕೂತಿದ್ದೇನೆ. ಇಂಗ್ಲಿಷ್ ತಡವರಿಸಿದರೂ ಬೋರ್ಡ್ ಮೇಲೆ ಸರಿಯಾಗಿ ಲೆಕ್ಕ ಹಾಕಿದವರನ್ನು ನಾವು ಕೈಬಿಟ್ಟಿಲ್ಲ.

ಇನ್ನು ಕೆಲಸ ಹೇಗಿರುತ್ತೆ ಅಂತ ಹೇಳಲೇಬೇಕು. ಕಾವಲೂರಿನಲ್ಲಿ ಒಂದು ಮಾರ್ಚ್ ರಾತ್ರಿ. ಹತ್ತು ಗಂಟೆಯಿಂದ ಮೋಡ. ಡೋಮ್ ಮುಚ್ಚಿ, ಫ್ಲಾಸ್ಕಿನ ಟೀ ಖಾಲಿ ಮಾಡಿ ಕಾದೆವು. ಎರಡೂವರೆಗೆ ಆಕಾಶ ತಿಳಿಯಾಯ್ತು. ಸ್ವಾತಿ ನಕ್ಷತ್ರದ ಬೆಳಕನ್ನು, ಅದನ್ನು ಬಣ್ಣಬಣ್ಣವಾಗಿ ಬಿಡಿಸುವ ಸ್ಪೆಕ್ಟ್ರೋಗ್ರಾಫಿಗೆ ಬಿಟ್ಟೆವು. ಪರದೆ ಮೇಲೆ ನೇರಳೆ ತುದಿಯಲ್ಲಿ, ನಕ್ಷತ್ರದ ಕ್ಯಾಲ್ಸಿಯಂ ಬೆಳಕು ಹೀರಿದ ಕಡೆ, ಎರಡು ಕಪ್ಪು ಹಳ್ಳ ಮೂಡಿದವು. ಒಂದು ಹಳ್ಳದ ತಳದಲ್ಲಿ ಚಿಕ್ಕ ದಿಬ್ಬ. ಆ ದಿಬ್ಬ ಎಷ್ಟು ಅಗಲವೋ ನಕ್ಷತ್ರ ನಿಜಕ್ಕೂ ಅಷ್ಟು ಪ್ರಕಾಶಮಾನ. ಇದನ್ನು 1957ರಲ್ಲಿ ಬರೆದವರು ವಿಲ್ಸನ್ ಮತ್ತು ಇದೇ ಬಾಪು. ಅವರ ಹೆಸರಿನ ಟೆಲಿಸ್ಕೋಪಿನಲ್ಲಿ ಅವರು ಹೇಳಿದ ದಿಬ್ಬ ನೋಡಿ ನನಗೆ ಗಂಟಲು ಕಟ್ಟಿತು. ಒಂದು ಗಂಟೆಯ ಡೇಟಾ ಸಿಕ್ತು. ಅದನ್ನು ಕ್ಲೀನ್ ಮಾಡಿ ಅರ್ಥ ಮಾಡಿಕೊಳ್ಳೋಕೆ ಮೂರು ತಿಂಗಳು ಹಿಡೀತು. ಪಿಎಚ್.ಡಿ.ಯಲ್ಲಿ ಬಹುಪಾಲು ದಿನ ಹೋಗೋದು ಆ ಮೂರು ತಿಂಗಳ ಥರದ ಕೆಲಸದಲ್ಲೇ. ಅದು ಇಷ್ಟವಾಗುತ್ತಾ ಅಂತ ಈಗಲೇ ನೋಡಿಕೊಳ್ಳಬಹುದು.

ಹೇಗೆ ಅಂದ್ರೆ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಕಲಿಯಿರಿ. ನಕ್ಷತ್ರಗಳನ್ನು ಅಳೆದ ಗಾಯಾ ಉಪಗ್ರಹದ ಮಾಹಿತಿ ಎಲ್ಲರಿಗೂ ಉಚಿತ, ಸುಮಾರು 180 ಕೋಟಿ ಆಕಾಶಕಾಯಗಳದ್ದು. ಅದರಲ್ಲಿ ಕೃತ್ತಿಕೆಯ ನಕ್ಷತ್ರಗಳನ್ನಷ್ಟೇ ಹೆಕ್ಕಿ, ಬಣ್ಣ ಒಂದು ಕಡೆ, ಪ್ರಕಾಶ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿ. ಚೆಲ್ಲಾಪಿಲ್ಲಿ ಚುಕ್ಕಿಗಳು ಒಂದು ಓರೆ ಸಾಲಿಗೆ ಬರೋದನ್ನು ನೀವೇ ನೋಡ್ತೀರಿ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಮನೆ ನಡೆಸೋರಿಗೆ ಆ ಭಯ ಇದ್ದೇ ಇರುತ್ತೆ ಅಲ್ವಾ? ಅವರಿಗೆ ಲೆಕ್ಕದಲ್ಲೇ ಹೇಳಿ: ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಆದರೆ ಪಿಎಚ್.ಡಿ. ಮುಗಿದ ಮೇಲೆ ಕಾಯಂ ಕೆಲಸಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕಾಗಬಹುದು. ಅದನ್ನೂ ಮುಚ್ಚಿಡದೆ ಹೇಳಿ. ಫಿಸಿಕ್ಸ್ ಎಂ.ಎಸ್ಸಿ. ಆದ ಮೇಲೂ ಬಿ.ಎಡ್. ಮಾಡಬಹುದು, ಆ ದಾರಿ ಎಲ್ಲೂ ಹೋಗಲ್ಲ.

ಒಂದು ಮನೆಪಾಠ ಕೊಡ್ತೀನಿ. ವಾತಾವರಣದ ಮೇಲ್ಗಡೆ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 1,361 ವ್ಯಾಟ್. ಸೂರ್ಯನ ದೂರ 15 ಕೋಟಿ ಕಿ.ಮೀ., ಅಡ್ಡಳತೆ ಸುಮಾರು 14 ಲಕ್ಷ ಕಿ.ಮೀ. ಬಿಸಿ ವಸ್ತು ಎಷ್ಟು ಶಕ್ತಿ ಸೂಸುತ್ತೆ ಅಂತ ಹೇಳುವ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ ನಿಮಗೆ ಗೊತ್ತು. ನನ್ನನ್ನು ಕೇಳಿದ ಅದೇ ಲೆಕ್ಕ: ಸೂರ್ಯನ ಮೇಲ್ಮೈ ಬಿಸಿ 5,770 ಕೆಲ್ವಿನ್ ಹತ್ತಿರ ಬರಬೇಕು. ಬಿಡಿಸಿ, ಹಾಳೆಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನೇ ತಿದ್ದುತ್ತೇನೆ.