ಬಸವನಹುಳು ಕಂಡಲ್ಲೆಲ್ಲ ಸಮುದ್ರವಿರಲಿಲ್ಲ

ಪ್ರಶ್ನೆ: ಗುರುಮಠಕಲ್ ಹತ್ತಿರ ನಮ್ಮ ಹೊಲದಲ್ಲಿ ಬಾವಿ ತೋಡುವಾಗ ಕರಿಕಲ್ಲಿನ ನಡುವೆ ಬಿಳಿ ಪದರ ಸಿಕ್ಕಿದೆ. ತುಂಬ ಬಸವನಹುಳುವಿನ ಅಚ್ಚು, ಅಲ್ಲಲ್ಲಿ ತೂತು, ಒಳಗೆ ಹೊಳೆಯುವ ಹರಳು. ಇಲ್ಲಿ ಸಮುದ್ರವಿತ್ತೇ? ಒಬ್ಬರು ವಜ್ರ ಅನ್ನುತ್ತಾರೆ. ಲ್ಯಾಬಿಗೆ ಕಳಿಸಲೇ?

ಉತ್ತರ: ಈ ಸಮುದ್ರದ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ನಿಮ್ಮ ಮನೆಗೆ ಹಾಸಿದ ಶಹಾಬಾದ್ ಪರಸಿ ಸಮುದ್ರದ್ದೇ, ಆದರೆ ಅದು 54 ಕೋಟಿ ವರ್ಷಕ್ಕಿಂತ ಹಳೆಯದು; ಆಗ ಬಸವನಹುಳುವೇ ಹುಟ್ಟಿರಲಿಲ್ಲ. ನಿಮಗೆ ಸಿಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ, ಲಾವಾ ಒಮ್ಮೆ ಹರಿದು ಇನ್ನೊಮ್ಮೆ ಹರಿಯುವ ಬಿಡುವಿನಲ್ಲಿ ನಿಂತ ಸಿಹಿನೀರಿನ ಕೆರೆಯ ಕೆಸರು. ಗುರುಮಠಕಲ್ ಸುತ್ತ ಇಂಥ ಪದರ ಭೂವಿಜ್ಞಾನಿಗಳಿಗೆ ಹೊಸದಲ್ಲ.

ವಜ್ರವಲ್ಲ. ಹರಳನ್ನು ಕಬ್ಬಿಣದ ಮೊಳೆಯಿಂದ ಗೀಚಿ. ಗೀರು ಬಿದ್ದರೆ ಕ್ಯಾಲ್ಸೈಟ್ ಎಂಬ ಸುಣ್ಣದ ಹರಳು, ಬೀಳದಿದ್ದರೆ ಬೆಣಚು. ಪರೀಕ್ಷೆ ಮಾಡಿಸುತ್ತೇನೆಂದು ಮುಂಗಡ ಕೇಳುವವನನ್ನು ಬದುವಿನಿಂದಲೇ ವಾಪಸ್ ಕಳಿಸಿ.

ನಿಜವಾದ ವಿಷಯ ಆ ತೂತುಗಳಲ್ಲಿದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04ರಷ್ಟು, ಬೇರು, ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನಲ್ಲಿ ಶೇ 1 ದಾಟುವುದುಂಟು. ಅದನ್ನು ಹೀರಿ ಹುಳಿಯಾದ ಮಳೆನೀರು ಮೊದಲು ಚಿಪ್ಪನ್ನು ತಿನ್ನುತ್ತದೆ. ಚಿಪ್ಪೂ ಸುತ್ತಲಿನ ಕೆಸರೂ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್, ಆದರೆ ಚಿಪ್ಪಿನದು ಅರಗೊನೈಟ್ ಎಂಬ ರೂಪ, ಕೆಸರಿನ ಕ್ಯಾಲ್ಸೈಟ್‌ಗಿಂತ ಬೇಗ ಕರಗುವಂಥದ್ದು. ಚಿಪ್ಪು ಹೋಗಿ ಅಚ್ಚು ಉಳಿಯುತ್ತದೆ, ಬಿರುಕು ಅಗಲವಾಗಿ ತೂತಾಗುತ್ತದೆ. ಅದೇ ನೀರು ಟೊಳ್ಳಿನಲ್ಲಿ ಅನಿಲ ಬಿಟ್ಟುಕೊಟ್ಟಾಗ ಹೊತ್ತು ತಂದ ಸುಣ್ಣ ಹರಳುಗಟ್ಟುತ್ತದೆ. ಕರಗದ ಜೇಡಿ, ಕಬ್ಬಿಣ ತಳದಲ್ಲಿ ಕೆಮ್ಮಣ್ಣಾಗಿ ಕೂರುತ್ತವೆ.

ಹೀಗೆ ಕರಗಿ ಮತ್ತೆ ಹರಳಾಗುವಷ್ಟರಲ್ಲಿ, ಲ್ಯಾಬು ಕೆರೆಯ ಸುದ್ದಿ ಓದಲು ನೋಡುವ ಗುರುತುಗಳೇ ಬದಲಾಗಿರುತ್ತವೆ: ಚಿಪ್ಪಿನಲ್ಲಿದ್ದ ಸ್ಟ್ರಾನ್ಷಿಯಂ ಎಂಬ ಲೋಹ ಬಹುಪಾಲು ನೀರಿನೊಂದಿಗೆ ಹೋಗಿರುತ್ತದೆ. ಆಮ್ಲಜನಕದ ಐಸೋಟೋಪುಗಳಲ್ಲಿ, ಅಂದರೆ ತೂಕ ಬೇರೆಬೇರೆಯಾದ ಪರಮಾಣುಗಳಲ್ಲಿ, ಆ ಮಳೆಯ ಗುರುತು ಕೂರುತ್ತದೆ. ಮಣ್ಣಿನ ಗಿಡಗಂಟಿಗಳ ಪಾಲು ಬೆರೆತು ಇಂಗಾಲದಲ್ಲಿ ಹಗುರ ಪರಮಾಣುಗಳು ಹೆಚ್ಚುತ್ತವೆ. ಹೊಳೆಯುವ ತುಂಡನ್ನೇ ಆರಿಸಿ ಕಳಿಸಿದಿರೋ, ಲ್ಯಾಬಿನಿಂದ ಬರುವುದು ಕೆರೆಯ ಸುದ್ದಿಯಲ್ಲ, ಅದು ಬತ್ತಿ ಎಷ್ಟೋ ಕಾಲದ ಮೇಲೆ ಬಿದ್ದ ಮಳೆಯ ಸುದ್ದಿ. ಓದುವ ಕಾಲದಲ್ಲಿ ನಾನೇ ಒಂದು ಬೇಸಿಗೆಯಿಡೀ ಅಂಥ ತುಂಡು ಆರಿಸಿ ತಂದು ಬೈಸಿಕೊಂಡಿದ್ದೇನೆ. ತೂತು, ಬಿರುಕು, ಕೆಂಪು ಕಲೆಯಿಂದ ದೂರದ ಮಂಕು, ನುಣುಪು ಭಾಗ ತೆಗೆಯಿರಿ. ಅದನ್ನೂ ತೆಳು ಬಿಲ್ಲೆಯಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ಯಾರ ಅಂಕಿಯನ್ನೂ ನಾನು ನಂಬುವುದಿಲ್ಲ. ಕಲ್ಲಿಗಾಗಿ ಬಾವಿಗಿಳಿಯಬೇಡಿ, ಮೇಲೆ ಬಂದ ರಾಶಿಯಲ್ಲೇ ಹುಡುಕಿ.

ಪ್ರಶ್ನೆ: ಬೀದರಿನ ನೌಬಾದ್ ಕರೇಜ್ ಸುಣ್ಣದ ಗುಹೆಯೇ?

ಉತ್ತರ: ಅಲ್ಲ. ಮನುಷ್ಯರು ತೋಡಿದ ನೀರಿನ ಸುರಂಗ, ಅಲ್ಲಿರುವುದು ಜಂಬಿಟ್ಟಿಗೆ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ನೆಲದಡಿಯ ಟೊಳ್ಳು ಹೇಳಬಹುದೇ?

ಉತ್ತರ: ಚಟ್ನಿಗೆ ಬಳಸಿ.

ಪ್ರಶ್ನೆ: ಚಿತ್ತಾಪುರದ ನಮ್ಮ ಹಿತ್ತಲಿನ ಸುಣ್ಣದಕಲ್ಲಿನ ಸೀಳು ಎಷ್ಟು ನೀರು ಬಂದರೂ ಕುಡಿಯುತ್ತದೆ. ಪಾಯಖಾನೆ ಪೈಪು ಬಿಡಬಹುದೇ?

ಉತ್ತರ: ಬೇಡವೇ ಬೇಡ. ಮಣ್ಣು ಸೋಸಿದಂತೆ ಸೀಳು ಸೋಸುವುದಿಲ್ಲ. ಬಿಟ್ಟದ್ದು ಪಕ್ಕದವರ ಬೋರಿನಲ್ಲಿ ಮೇಲೇಳಬಹುದು, ನಿಮ್ಮದರಲ್ಲೂ.